ಚಾವಡಿಯ ಕಪ್ಪು ಪಟ್ಟಿ, ಸುರಂಗದ ಬಾಯಲ್ಲಿ ಮಾಯವಾಗುವ ಅಜ್ಜ: ಕಿರುಚಿತ್ರವನ್ನು ಮತ್ತೆ ಶೂಟ್ ಮಾಡಬೇಕೇ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಕಡೆಯ ಕೆಲವು ಗೆಳೆಯರು ಸೇರಿ 14 ನಿಮಿಷದ ಕಿರುಚಿತ್ರವೊಂದನ್ನು ಮಾಡಿದ್ದೇವೆ. ಅಜ್ಜ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗವಿರುವ ಅಡಿಕೆ ತೋಟವನ್ನು ಮಾರಲೆಂದು ಮೊಮ್ಮಗ ಊರಿಗೆ ಬರುತ್ತಾನೆ, ತಾಯಿ ಬೇಡವೆನ್ನುತ್ತಾಳೆ. ಕೊನೆಯಲ್ಲಿ ತೀರಿಹೋದ ಅಜ್ಜ ಸುರಂಗದ ಬಾಯಲ್ಲಿ ಒಂದು ಕ್ಷಣ ಕಂಡು ಮಾಯವಾಗುತ್ತಾರೆ. ಜನವರಿಯಲ್ಲಿ ಎಲ್ಲವನ್ನೂ ಮೊಬೈಲಿನಲ್ಲೇ, ಆಟೋ ಮೋಡಿನಲ್ಲಿ, ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆದೆವು. ಎಡಿಟಿಂಗಿಗೆ ಕೂತಾಗ ತೊಂದರೆಗಳು ಒಂದೊಂದಾಗಿ ಕಂಡವು. ರಾತ್ರಿ ಚಾವಡಿಯಲ್ಲಿ ತಾಯಿ-ಮಗ ಮಾತಾಡುವ ದೃಶ್ಯದಲ್ಲಿ ಟ್ಯೂಬ್‌ಲೈಟಿನಿಂದ ಕಪ್ಪು ಪಟ್ಟಿಗಳು ಓಡುತ್ತವೆ. ಅದೇ ದೃಶ್ಯದಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ, ಮಗನ ಕ್ಲೋಸಪ್ಪನ್ನು ಜಾಗ ಸಾಲದೆ ಕಂಬದ ಆಚೆಗೆ ಹೋಗಿ ತೆಗೆದಿದ್ದೆವು. ತೋಟದಲ್ಲಿ ನಡೆಯುವಾಗ ಬೆಳಕು ಏರಿಳಿಯುತ್ತದೆ. ಅಡಿಕೆ ಗೊನೆ ಬೀಳುವುದನ್ನು ಸ್ಲೋ ಮೋಷನ್ ಮಾಡಿದರೆ ತಡವರಿಸುತ್ತದೆ. ಉದ್ದದ ಕ್ಲಿಪ್ಪುಗಳಲ್ಲಿ, ಬೇರೆ ಮೊಬೈಲಿನಲ್ಲಿ ಹಿಡಿದ ಮಾತು ಕೊನೆಗೆ ಬರುವಾಗ ತುಟಿಗೆ ಹೊಂದುವುದಿಲ್ಲ. ಅಜ್ಜ ಮಾಯವಾಗುವುದನ್ನು ಒಂದೇ ದೂರದ ಶಾಟಿನಲ್ಲಿ, ಆ್ಯಪ್‌ನಲ್ಲಿ ಹೊಗೆ ಹಾಕಿ ಮಾಡಿದೆವು, ನೋಡಿದವರು ನಕ್ಕರು. ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತನ್ನಿ, ಡ್ರೋನ್ ಶಾಟ್ ಸೇರಿಸಿ, ಸಿನಿಮಾ ಬಣ್ಣದ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲು) ಹಾಕಿ ಎಂದು ಗೆಳೆಯರು ಹೇಳುತ್ತಿದ್ದಾರೆ. ಈಗ ಮೇ ತಿಂಗಳು, ಕೈಯಲ್ಲಿರುವುದು 8,000 ರೂಪಾಯಿ. ಮಳೆ ಹಿಡಿಯುವ ಮೊದಲು ಇಡೀ ಚಿತ್ರವನ್ನು ಮತ್ತೆ ತೆಗೆಯಬೇಕೇ?

ಉತ್ತರ: ಬೇಡ. ನೀವು ಹೇಳಿರುವ ಆರು ತೊಂದರೆಗಳಲ್ಲಿ ಮೂರು ಎಡಿಟಿಂಗಿನಲ್ಲೇ ಸರಿಯಾಗುತ್ತವೆ. ಒಂದನ್ನು ಕಟ್ ಮಾಡುವ ರೀತಿ ಬದಲಿಸಿ ಮುಚ್ಚಬಹುದು. ಚಾವಡಿಯ ಒಂದೆರಡು ಕ್ಲೋಸಪ್ಪು ಮತ್ತು ಸುರಂಗದ ಬಾಯಿಯ ದೃಶ್ಯ, ಇವಷ್ಟನ್ನು ಮಾತ್ರ ಮತ್ತೆ ತೆಗೆಯಬೇಕಾದೀತು. ಒಂದು ರಾತ್ರಿ, ಒಂದು ಬೆಳಗಿನ ಕೆಲಸ.

ಇಡೀ ಚಿತ್ರಕ್ಕೆ ಮತ್ತೆ ಕೈಹಾಕಿದರೆ ಹೊಸ ತೊಂದರೆ ಬರುತ್ತದೆ. ಜನವರಿಯಲ್ಲಿ ಅಂಗಳ ತುಂಬ ಒಣಹಾಕಿದ ಅಡಿಕೆ ಇತ್ತು, ಮರದಲ್ಲಿ ಹಣ್ಣುಗೊನೆ ಇತ್ತು. ಈಗ ಕೊಯ್ಲು ಮುಗಿದಿದೆ. ಹುಲ್ಲಿನ ಬಣ್ಣ ಬದಲಾಗಿದೆ, ನಟನ ಗಡ್ಡ, ಕೂದಲು ಬದಲಾಗಿರುತ್ತದೆ. ಅರ್ಧ ಜನವರಿ, ಅರ್ಧ ಮೇ ಆದ ಚಿತ್ರದಲ್ಲಿ ಈ ವ್ಯತ್ಯಾಸ ಟ್ಯೂಬ್‌ಲೈಟಿನ ಪಟ್ಟಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಕ್ಯಾಮೆರಾದ ಬಗ್ಗೆ ಗೆಳೆಯರು ಹೇಳಿದ್ದು ನಿಜವಲ್ಲ. ಬಾಡಿಗೆಗೆ ತಂದ ದುಬಾರಿ ಕ್ಯಾಮೆರಾವನ್ನೂ ಆಟೋ ಮೋಡಿನಲ್ಲಿಟ್ಟು ಅದೇ ಚಾವಡಿಯಲ್ಲಿ ತೆಗೆದಿದ್ದರೆ ಅದೇ ಪಟ್ಟಿ ಬರುವ ಸಾಧ್ಯತೆ ಇತ್ತು. ಕಾರಣ ಕ್ಯಾಮೆರಾದ ಬೆಲೆಯಲ್ಲಿಲ್ಲ, ಶಟರಿನ ವೇಗದಲ್ಲಿದೆ, ಅಂದರೆ ಪ್ರತಿ ಫ್ರೇಮಿಗೂ ಸೆನ್ಸರು ಬೆಳಕು ಹಿಡಿಯುವ ಹೊತ್ತಿನಲ್ಲಿ.

ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕರೆಂಟು, ದೇಶದ ಬೇರೆಲ್ಲ ಕಡೆಯಂತೆ, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಪ್ರತಿ ಆವರ್ತದಲ್ಲಿ ದೀಪ ಎರಡು ಸಲ ಪ್ರಖರವಾಗುವುದರಿಂದ ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಮೊಬೈಲು 30 ಫ್ರೇಮಿನಲ್ಲಿದ್ದಾಗ ಆಟೋ ಬಹಳ ಸಲ 1/60 ಸೆಕೆಂಡಿನ ಶಟರನ್ನು ಆರಿಸಿಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಮಿನುಗು ಹಿಡಿಸುತ್ತದೆ, ಪೂರ್ತಿ ಎರಡಲ್ಲ. ಮೊಬೈಲಿನ ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲುಗಳಿಗೆ ಹೆಚ್ಚು ಬೆಳಕು, ಕೆಲವಕ್ಕೆ ಕಡಿಮೆ. ಅದೇ ನಿಮ್ಮ ಕಪ್ಪು ಪಟ್ಟಿ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಎರಡು ಅಥವಾ ಪೂರ್ತಿ ಒಂದು ಮಿನುಗು ಸಿಗುತ್ತದೆ, ಪಟ್ಟಿ ಹೋಗುತ್ತದೆ. ನಿಮ್ಮ ಮೊಬೈಲಿನಲ್ಲಿ 25 ಫ್ರೇಮು ಇಲ್ಲದಿದ್ದರೂ ಚಿಂತೆಯಿಲ್ಲ. 30 ಫ್ರೇಮಿನಲ್ಲಿ 1/50 ಶಟರು ಧಾರಾಳವಾಗಿ ನಡೆಯುತ್ತದೆ. ಪ್ರೊ ವೀಡಿಯೊ ಮೋಡಿನಲ್ಲಿ ಅದನ್ನು ಕೈಯಿಂದಲೇ ಇಡಬಹುದು.

ಈಗಾಗಲೇ ತೆಗೆದದ್ದನ್ನು ಉಳಿಸುವ ದಾರಿಯೂ ಇದೇ ಲೆಕ್ಕದಿಂದ ಬರುತ್ತದೆ. ಸೆಕೆಂಡಿಗೆ 100 ಮಿನುಗು, 30 ಫ್ರೇಮು ಎಂದರೆ ಮೂರು ಫ್ರೇಮಿಗೆ ಸರಿಯಾಗಿ ಹತ್ತು ಮಿನುಗು. ಅಂದರೆ ಪಟ್ಟಿಯ ವಿನ್ಯಾಸ ಪ್ರತಿ ಮೂರು ಫ್ರೇಮಿಗೊಮ್ಮೆ ಮರುಕಳಿಸುತ್ತದೆ. ಟೈಮ್‌ಲೈನಿನಲ್ಲಿ ಆ ಕ್ಲಿಪ್ಪಿನ ಮೂರು ಪ್ರತಿಗಳನ್ನು ಒಂದರ ಮೇಲೊಂದು ಇಡಿ. ಕೆಳಗಿನದು ಇದ್ದ ಹಾಗೆ, 100 ಶೇಕಡ. ಮಧ್ಯದ್ದನ್ನು ಒಂದು ಫ್ರೇಮು ಸರಿಸಿ ಒಪ್ಯಾಸಿಟಿ (ಚಿತ್ರದ ದಟ್ಟತೆ) 50ಕ್ಕೆ ಇಳಿಸಿ. ಮೇಲಿನದನ್ನು ಎರಡು ಫ್ರೇಮು ಸರಿಸಿ 33ಕ್ಕೆ ಇಳಿಸಿ. ಮೂರೂ ಸಮಪಾಲಿನಲ್ಲಿ ಬೆರೆತು ಪಟ್ಟಿ ಬಹುಪಾಲು ಅಳಿಸಿಹೋಗುತ್ತದೆ. ಇದಕ್ಕೊಂದು ಬೆಲೆಯಿದೆ. ಮೂರು ಫ್ರೇಮು ಬೆರೆಯುವುದರಿಂದ ಏನು ಚಲಿಸಿದರೂ ಅದರ ನೆರಳಚ್ಚು ಕಾಣುತ್ತದೆ. ಕೂತು ಮಾತಾಡುವ ಶಾಟಿಗೆ ಇದು ಸರಿ. ಮಗ ಎದ್ದು ಹೊರಡುವ ಕಡೆ, ಕೈ ಬೀಸುವ ಕಡೆ ಕೆಡುತ್ತದೆ. ಕೈಯಲ್ಲಿ ಹಿಡಿದು ತೆಗೆದ ಶಾಟಾದರೆ ಪ್ರಯತ್ನಿಸಲೇಬೇಡಿ. ಕೆಲವು ಸಾಫ್ಟ್‌ವೇರುಗಳ ಹಣಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಮಿನುಗು ತೆಗೆಯುವ ಸಿದ್ಧ ಸಾಧನ ಇರುತ್ತದೆ, ಆದರೆ ಎರಡು ಕ್ಲೋಸಪ್ಪಿಗಾಗಿ ಅದನ್ನು ಕೊಳ್ಳುವುದಕ್ಕಿಂತ ಆ ಕ್ಲೋಸಪ್ಪುಗಳನ್ನೇ ಮತ್ತೆ ತೆಗೆಯುವುದು ಅಗ್ಗ.

ಮತ್ತೆ ತೆಗೆಯುವಾಗ ದೀಪವನ್ನು ಮೊದಲು ಪರೀಕ್ಷಿಸಿ. ಪ್ರೊ ಮೋಡಿನಲ್ಲಿ ಶಟರನ್ನು 1/1000ಕ್ಕೆ ಇಟ್ಟು ದೀಪ ಬೀಳುವ ಬಿಳಿ ಗೋಡೆಯತ್ತ ಹಿಡಿಯಿರಿ. ದಟ್ಟ ಪಟ್ಟಿ ಕಂಡರೆ ಆ ದೀಪ ಜೋರಾಗಿ ಮಿನುಗುತ್ತಿದೆ, 1/50 ಬಿಟ್ಟು ಆಚೀಚೆ ಹೋಗಬೇಡಿ. ಪಟ್ಟಿ ಮಸುಕಾಗಿದ್ದರೆ ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಅದರ ಡ್ರೈವರು ಒಳ್ಳೆಯದು. ಸಂಜೆ ವೋಲ್ಟೇಜು ಬಿದ್ದಾಗ ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಲೆಕ್ಕವಿಲ್ಲದೆ ಮಿನುಗುತ್ತವೆ. ಅದಕ್ಕೆ ಯಾವ ಶಟರೂ ಮದ್ದಲ್ಲ, ಬಲ್ಬೇ ಬದಲಾಗಬೇಕು. ಮೊದಲ ಶೂಟಿನಲ್ಲಿದ್ದ ಟ್ಯೂಬ್‌ಲೈಟೇ ಉರಿಯಲಿ, ಬಣ್ಣ ಹೊಂದಬೇಕಲ್ಲ.

ಈ ದೃಶ್ಯದ ಎರಡನೆಯ ತೊಂದರೆ, ಇಬ್ಬರೂ ಒಂದೇ ಕಡೆ ನೋಡುವುದು, ಬೇರೆ ಜಾತಿಯದು. ತಾಯಿಯ ಕಣ್ಣಿನಿಂದ ಮಗನ ಕಣ್ಣಿಗೆ ನೆಲದ ಮೇಲೊಂದು ಗೆರೆ ಎಳೆದಿದ್ದೀರೆಂದು ಭಾವಿಸಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರುವವರೆಗೆ ತಾಯಿ ಪರದೆಯ ಬಲಕ್ಕೆ ನೋಡಿದರೆ ಮಗ ಎಡಕ್ಕೆ ನೋಡುತ್ತಾನೆ, ಪ್ರೇಕ್ಷಕರ ಮನಸ್ಸಿನಲ್ಲಿ ಇಬ್ಬರೂ ಎದುರುಬದುರು ಕೂರುತ್ತಾರೆ. ಮಗನ ಕ್ಲೋಸಪ್ಪಿಗೆ ಜಾಗ ಸಾಲದೆ ನೀವು ಕಂಬದ ಆಚೆಗೆ ಹೋಗಿದ್ದೀರಿ ಎಂದು ಬರೆದಿದ್ದೀರಿ. ಗೆರೆ ದಾಟಿದ್ದು ಅಲ್ಲೇ.

ಸುಲಭದ ಮದ್ದು, ಒಂದು ಬದಿಯ ಶಾಟುಗಳನ್ನು ಕನ್ನಡಿಯಲ್ಲಿ ಕಂಡಂತೆ ಫ್ಲಿಪ್ ಮಾಡುವುದು. ಯಾರ ಶಾಟು ಎಂಬುದರಲ್ಲಿ ಎಚ್ಚರ ಬೇಕು. ತಾಯಿಯದ್ದನ್ನು ಫ್ಲಿಪ್ ಮಾಡಿದರೆ ಸೆರಗು ಎಡ ಹೆಗಲಿನಿಂದ ಬಲ ಹೆಗಲಿಗೆ ಹೋಗುತ್ತದೆ, ಮೂಗುಬೊಟ್ಟು ಬದಿ ಬದಲಿಸುತ್ತದೆ. ನಮ್ಮ ಕಡೆಯ ಯಾವ ಹೆಂಗಸಿಗೂ ಅದು ಆ ಕ್ಷಣಕ್ಕೆ ಗೊತ್ತಾಗುತ್ತದೆ. ಮಗನ ಶಾಟನ್ನೇ ಫ್ಲಿಪ್ ಮಾಡಿ. ಅಂಗಿಯ ಜೇಬು, ಕೈಗಡಿಯಾರ, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರ ಚೌಕಟ್ಟಿನಲ್ಲಿ ಇಲ್ಲವೆಂದು ನೋಡಿಕೊಳ್ಳಿ. ಇದ್ದರೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅವನ್ನು ಹೊರಗೆ ತಳ್ಳಿ. 4ಕೆಯಲ್ಲಿ ತೆಗೆದು 1080ರಲ್ಲಿ ಕೊಡುವುದಾದರೆ ಹಿಗ್ಗಿಸಲು ಸಾಕಷ್ಟು ಜಾಗವಿರುತ್ತದೆ. ಅದೂ ಆಗದಿದ್ದರೆ ನಡುವೆ ದಿಕ್ಕಿಲ್ಲದ ಒಂದು ಶಾಟು ಸೇರಿಸಿ, ಉದಾಹರಣೆಗೆ ತಾಯಿ ಅಡಿಕೆ ಸುಲಿಯುತ್ತಿರುವ ಕೈಗಳು. ಎರಡು ಸೆಕೆಂಡು ಕೈಯನ್ನು ನೋಡಿದ ಮೇಲೆ ಪ್ರೇಕ್ಷಕರು ಗೆರೆಯನ್ನು ಹೊಸದಾಗಿ ಎಳೆದುಕೊಳ್ಳುತ್ತಾರೆ.

ಮಾತು ತುಟಿಗೆ ಹೊಂದದಿರುವುದಕ್ಕೆ ಕಾರಣ ಮೊಬೈಲಿನ ಬದಲಾಗುವ ಫ್ರೇಮು ದರ. 30 ಎಂದು ಬರೆದಿದ್ದರೂ ಬೆಳಕು ಕಡಿಮೆಯಾದಾಗ, ಮೊಬೈಲು ಬಿಸಿಯಾದಾಗ ಅದು ಸ್ವಲ್ಪ ಕಡಿಮೆ ಫ್ರೇಮು ಹಿಡಿಯುತ್ತದೆ, ಎಡಿಟಿಂಗ್ ಸಾಫ್ಟ್‌ವೇರು ಅದನ್ನು ಸ್ಥಿರ 30 ಎಂದೇ ಓದುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲ ಕ್ಲಿಪ್ಪುಗಳನ್ನೂ ಫ್ರೇಮ್ ದರ 30, ಕಾನ್‌ಸ್ಟೆಂಟ್ ಎಂದು ಆರಿಸಿ, ಗುಣಮಟ್ಟವನ್ನು ಅಲ್ಲಿನ ಆರ್‌ಎಫ್ ಎಂಬ ಅಳತೆಯಲ್ಲಿ 18ರ ಆಸುಪಾಸಿನಲ್ಲಿಟ್ಟು ಪರಿವರ್ತಿಸಿ, ಆಮೇಲೆ ಜೋಡಿಸಿ. ಫೈಲು ದೊಡ್ಡದಾಗುತ್ತದೆ, ಇರಲಿ. ಮೂಲ ಕ್ಲಿಪ್ಪುಗಳನ್ನು ಅಳಿಸಬೇಡಿ. ಟೈಮ್‌ಲೈನೂ 30ರಲ್ಲೇ ಇರಲಿ. ಸಿನಿಮಾದಂತೆ ಕಾಣಲೆಂದು 24 ಅಥವಾ 25ಕ್ಕೆ ಬದಲಿಸಿದರೆ ಪ್ರತಿ ಸೆಕೆಂಡಿಗೆ ಐದಾರು ಫ್ರೇಮು ಉದುರಿಹೋಗಿ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುತ್ತ ಪ್ಯಾನ್ ಮಾಡಿದ ಶಾಟುಗಳೆಲ್ಲ ಕುಂಟುತ್ತವೆ.

ಗೊನೆಯ ಸ್ಲೋ ಮೋಷನ್ ತಡವರಿಸುವುದಕ್ಕೂ ಫ್ರೇಮಿನ ಕೊರತೆಯೇ ಕಾರಣ. 30 ಫ್ರೇಮನ್ನು ಅರ್ಧ ವೇಗಕ್ಕೆ ಎಳೆದರೆ ಸೆಕೆಂಡಿಗೆ 15 ನಿಜವಾದ ಚಿತ್ರಗಳಷ್ಟೇ ಉಳಿಯುತ್ತವೆ. ಅರ್ಧ ವೇಗ ಬೇಕಿದ್ದರೆ 60ರಲ್ಲಿ ತೆಗೆದಿರಬೇಕಿತ್ತು. ಆಪ್ಟಿಕಲ್ ಫ್ಲೋ ಎಂಬ ಆಯ್ಕೆ ನಡುವಿನ ಚಿತ್ರಗಳನ್ನು ಊಹಿಸಿ ತುಂಬುತ್ತದೆ, ಆದರೆ ಹಿಂದೆ ಸೋಗೆಗಳ ಸಾವಿರ ಗೆರೆಗಳಿರುವಾಗ ಗೊನೆಯ ಅಂಚು ಕರಗಿದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಶಾಟಿಗೆ ಸ್ಲೋ ಮೋಷನ್ನೇ ಬೇಡ. 12 ಮೀಟರ್ ಎತ್ತರದಿಂದ ಗೊನೆ ನೆಲಕ್ಕೆ ಬರಲು ಒಂದೂವರೆ ಸೆಕೆಂಡು ಬೇಕು. ದೋಟಿ ತಾಗುವುದು, ಗೊನೆ ಬೀಳುವುದು, ಶಬ್ದಕ್ಕೆ ಮೊಮ್ಮಗನ ಮುಖ ತಿರುಗುವುದು: ಮೂರು ಶಾಟು, ನಿಜವಾದ ವೇಗ. ನೆಲಕ್ಕೆ ಬಡಿಯುವ ಚಿತ್ರವನ್ನು ತೋರಿಸದೆ ಶಬ್ದವನ್ನು ಮಾತ್ರ ಮೊಮ್ಮಗನ ಮುಖದ ಮೇಲೆ ಕೇಳಿಸಿದರೆ ಇನ್ನೂ ಗಟ್ಟಿ.

ತೋಟದ ಏರಿಳಿಯುವ ಬೆಳಕು ಆಟೋ ಎಕ್ಸ್‌ಪೋಷರಿನ ಕೆಲಸ. ಸೋಗೆಗಳ ನಡುವಿನಿಂದ ಬೀಳುವ ಬಿಸಿಲಿನ ತುಂಡುಗಳು ಚೌಕಟ್ಟಿಗೆ ಬಂದಾಗ ಮೊಬೈಲು ಕತ್ತಲು ಮಾಡುತ್ತದೆ, ಹೋದಾಗ ಬೆಳಕು ಮಾಡುತ್ತದೆ. ಈಗಿರುವ ಶಾಟುಗಳಲ್ಲಿ ಬೆಳಕು ಬದಲಾಗುವ ಕಡೆ ಎಕ್ಸ್‌ಪೋಷರಿಗೆ ಕೀಫ್ರೇಮು (ಬದಲಾವಣೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತು) ಹಾಕಿ ಎದುರು ದಿಕ್ಕಿಗೆ ತಿದ್ದಬಹುದು. ಆದರೆ ಬಿಳಿಚಿ ಸುಟ್ಟುಹೋದ ಜಾಗದಲ್ಲಿ ವಿವರ ವಾಪಸು ಬರುವುದಿಲ್ಲ. ಅಂಥ ಕಡೆ ಶಾಟನ್ನೇ ಎರಡಾಗಿ ಮುರಿದು ನಡುವೆ ಕಾಲಿನ ಶಾಟೋ ಸೋಗೆಯ ಶಾಟೋ ಇಡಿ. ಮುಂದೆ ತೆಗೆಯುವಾಗ ಪರದೆಯನ್ನು ಒತ್ತಿಹಿಡಿದು ಎಕ್ಸ್‌ಪೋಷರು, ಫೋಕಸು ಎರಡನ್ನೂ ಲಾಕ್ ಮಾಡಿ, ಮುಖದ ಮೇಲೆ ಬೀಳುವ ಬಿಸಿಲು ಸುಡದಷ್ಟು ಕೆಳಗಿಳಿಸಿ. ಹಗಲಿನಲ್ಲೂ 1/50 ಶಟರು ಬೇಕೆಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಎನ್‌ಡಿ ಫಿಲ್ಟರು, ಬೇಕಾಗುತ್ತದೆ, ಏಕೆಂದರೆ ಮೊಬೈಲಿನ ಲೆನ್ಸನ್ನು ಕಿರಿದು ಮಾಡಲು ಸಾಮಾನ್ಯವಾಗಿ ಬರುವುದಿಲ್ಲ. ಎಫ್ 1.8ರ ಲೆನ್ಸು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 50 ಇದ್ದರೆ ಸುಡುಬಿಸಿಲಿನ ಅಂಗಳಕ್ಕೆ ಎನ್‌ಡಿ 64, ತೋಟದ ನೆರಳಿಗೆ ಎನ್‌ಡಿ 8 ಅಥವಾ 16 ಸರಿಹೋಗುತ್ತದೆ. ಫಿಲ್ಟರಿಲ್ಲದೆ ಬಿಸಿಲಿನಲ್ಲಿ ಆಟೋ 1/4000ದ ಹತ್ತಿರಕ್ಕೆ ಹೋಗುತ್ತದೆ, ಆಗ ನಡೆಯುವವನ ಕೈಕಾಲು ಕಡಿದುಕಡಿದು ಚಲಿಸಿದಂತೆ ಕಾಣುತ್ತದೆ.

ಇನ್ನು ಅಜ್ಜ. ನಿಮ್ಮ ಚಿತ್ರ ನಿಲ್ಲುವುದೂ ಬೀಳುವುದೂ ಇಲ್ಲೇ, ಹಾಗಾಗಿ ಉಳಿದಿರುವ ಶಕ್ತಿಯನ್ನೆಲ್ಲ ಇಲ್ಲಿಗೆ ಮೀಸಲಿಡಿ. ಹೊಗೆಯ ಎಫೆಕ್ಟು ಸುಳ್ಳೆನಿಸಿದ್ದಕ್ಕೆ ಆ್ಯಪ್ ಅಗ್ಗದ್ದು ಎಂಬುದು ಕಾರಣವಲ್ಲ. ನೀವು ಒಂದೇ ದೂರದ ಶಾಟಿನಲ್ಲಿ, ಚೌಕಟ್ಟಿನ ನಟ್ಟನಡುವೆ ಅಜ್ಜನನ್ನು ಕರಗಿಸಿದ್ದೀರಿ. ಪ್ರೇಕ್ಷಕರು ಮೊಮ್ಮಗನನ್ನು ಬಿಟ್ಟು ಹೊಗೆಯನ್ನು ನೋಡಿದರು, ಹೇಗೆ ಮಾಡಿದ್ದಾರೆ ಎಂದು ಯೋಚಿಸಿದರು. ಕತೆಗೆ ಬೇಕಾದದ್ದು ಅಜ್ಜ ಹೇಗೆ ಮಾಯವಾದರು ಎಂಬುದಲ್ಲ, ಅವರು ಹೋದದ್ದು ಮೊಮ್ಮಗನಿಗೆ ಏನು ಮಾಡಿತು ಎಂಬುದು.

ಅದಕ್ಕೆ ಎಫೆಕ್ಟೇ ಇಲ್ಲದ ದಾರಿಯನ್ನು ಮೊದಲು ನೋಡಿ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ ಸಂಗತಿ ಇದು: ಭಾವವಿಲ್ಲದ ಒಂದೇ ಮುಖದ ಪಕ್ಕದಲ್ಲಿ ಬೇರೆ ಬೇರೆ ಚಿತ್ರ ಇಟ್ಟರೆ ಪ್ರೇಕ್ಷಕರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ತಾವೇ ಓದಿಕೊಳ್ಳುತ್ತಾರೆ. ನಿಮ್ಮ ದೃಶ್ಯಕ್ಕೆ ಹೊಂದಿಸಿದರೆ ಹೀಗೆ. ಮೊಮ್ಮಗನ ಕ್ಲೋಸಪ್ಪು, ತಲೆ ಎತ್ತುತ್ತಾನೆ, ಎರಡು ಸೆಕೆಂಡು. ಅವನು ಕಂಡದ್ದು: ಸುರಂಗದ ಬಾಯಲ್ಲಿ ಹೆಗಲ ಮೇಲೆ ಪಿಕಾಸಿ ಹೊತ್ತ ಅಜ್ಜ, ಎರಡು ಸೆಕೆಂಡಿಗಿಂತ ಕಡಿಮೆ. ಮತ್ತೆ ಮೊಮ್ಮಗ, ಒಂದು ಹೆಜ್ಜೆ ಮುಂದಿಡುತ್ತಾನೆ, ಕಾಲಡಿಯ ಸೋಗೆ ಸದ್ದು ಮಾಡುತ್ತದೆ. ಮತ್ತೆ ಅದೇ ಸುರಂಗದ ಬಾಯಿ, ಅದೇ ಚೌಕಟ್ಟು, ಖಾಲಿ. ಇದನ್ನು ನಾಲ್ಕು ಸೆಕೆಂಡು ಬಿಡಿ, ಅವಸರಿಸಬೇಡಿ. ಸುರಂಗದೊಳಗೆ ನೀರು ತೊಟ್ಟಿಕ್ಕುವ ಶಬ್ದವನ್ನು ಅಜ್ಜ ಕಾಣುವುದಕ್ಕೆ ಒಂದು ಸೆಕೆಂಡು ಮೊದಲೇ, ಮೊಮ್ಮಗನ ಮುಖದ ಮೇಲೇ ಶುರುಮಾಡಿ. ಕಿವಿ ಮೊದಲು ಅಲ್ಲಿಗೆ ಹೋದರೆ ಕಣ್ಣು ನಂಬುತ್ತದೆ. ಇಲ್ಲಿ ಕೆಡುವುದು ಒಂದೇ ಕಡೆ: ಅಜ್ಜನಿರುವ ಚೌಕಟ್ಟಿಗೂ ಖಾಲಿ ಚೌಕಟ್ಟಿಗೂ ಕೂದಲೆಳೆಯ ವ್ಯತ್ಯಾಸ ಬಂದರೂ ಅದು ಬೇರೆ ಜಾಗವೆನಿಸುತ್ತದೆ. ಎರಡನ್ನೂ ಒಂದೇ ಕ್ಲಿಪ್ಪಿನಲ್ಲಿ ತೆಗೆಯಿರಿ.

ಅಜ್ಜ ಕಣ್ಣೆದುರೇ ಮಾಯವಾಗಲೇಬೇಕೆಂದರೆ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲೇ ಬಳಸಿದ ತಂತ್ರವಿದೆ. ಕ್ಯಾಮೆರಾ ಅಲುಗದಂತೆ ಇಟ್ಟು, ನಡುವೆ ವ್ಯಕ್ತಿಯನ್ನು ಹೊರಗೆ ಕಳಿಸಿ, ಆ ಭಾಗವನ್ನು ಕತ್ತರಿಸಿ ತೆಗೆಯುವುದು. ಟ್ರೈಪಾಡಿನಲ್ಲಿ ಮೊಬೈಲಿಟ್ಟು ಸ್ಟೆಬಿಲೈಸೇಶನ್ ಆಫ್ ಮಾಡಿ, ಅದು ಆನ್ ಇದ್ದರೆ ಅಲುಗದ ಚಿತ್ರವೂ ಮೆಲ್ಲಗೆ ತೇಲುತ್ತದೆ. ಎಕ್ಸ್‌ಪೋಷರು, ಫೋಕಸು, ವೈಟ್ ಬ್ಯಾಲೆನ್ಸು ಮೂರೂ ಲಾಕ್. ರೆಕಾರ್ಡಿಂಗ್ ಶುರುಮಾಡಿದ ಮೇಲೆ ಮೊಬೈಲನ್ನು ಮುಟ್ಟಬೇಡಿ. ಅಜ್ಜ ನಿಲ್ಲಲಿ, ನೀವು ಹೇಳಿದಾಗ ಚೌಕಟ್ಟಿನ ಹೊರಗೆ ಹೋಗಲಿ, ಅಲ್ಲಿಂದ 20 ಸೆಕೆಂಡು ಖಾಲಿ ಜಾಗವನ್ನು ಹಿಡಿಯಿರಿ. ಮೊಮ್ಮಗನೂ ಅದೇ ಚೌಕಟ್ಟಿನಲ್ಲಿದ್ದರೆ ಕಟ್ ಮಾಡಿದ ಕಡೆ ಅವನು ನೆಗೆದಂತೆ ಕಾಣುತ್ತಾನೆ. ಅದಕ್ಕೆ ಮಾಸ್ಕ್ ಬೇಕು: ಮೊಮ್ಮಗನಿರುವ ಎಡ ಅರ್ಧವನ್ನು ಕತ್ತರಿಸದೆ ಓಡಿಸಿ, ಬಲ ಅರ್ಧದಲ್ಲಿ ಮಾತ್ರ ಖಾಲಿ ಚಿತ್ರವನ್ನು ಕೂರಿಸುವುದು. ಮಾಸ್ಕಿನ ಗೆರೆ ಸುರಂಗದ ಬಾಯಿಯ ಮುರಕಲ್ಲಿನ ಕಪ್ಪು ಅಂಚಿನ ಮೇಲೆ ಹಾದುಹೋಗಲಿ, ಅಂಚನ್ನು 20ರಿಂದ 40 ಪಿಕ್ಸೆಲ್ ಮೃದು ಮಾಡಿ. ಮೆಲ್ಲಗೆ ಮರೆಯಾಗಬೇಕಿದ್ದರೆ ಬಲ ಅರ್ಧವನ್ನು ಸುಮಾರು 15 ಫ್ರೇಮಿನಲ್ಲಿ ಡಿಸಾಲ್ವ್ ಮಾಡಿ. ಮೊಮ್ಮಗನಾಗಲಿ ಅವನ ನೆರಳಾಗಲಿ ಆ ಗೆರೆ ದಾಟಿದರೆ ಅರ್ಧ ದೇಹ ಕತ್ತರಿಸಿಹೋಗುತ್ತದೆ.

ತೋಟದಲ್ಲಿ ಈ ತಂತ್ರವನ್ನು ಬಯಲು ಮಾಡುವುದು ನೆಲದ ಮೇಲಿನ ನೆರಳು. ಗಾಳಿಗೆ ಸೋಗೆ ಅಲುಗಿ ಬಿಸಿಲಿನ ಚುಕ್ಕಿಗಳು ಜಾಗ ಬದಲಿಸಿದರೆ ಕಟ್ ಎಲ್ಲಿದೆ ಎಂದು ತಿಳಿದುಬಿಡುತ್ತದೆ. ಬೆಳಿಗ್ಗೆ ಬಿಸಿಲು ತೋಟದೊಳಕ್ಕೆ ಇಳಿಯುವ ಮೊದಲು, ಇಲ್ಲವೇ ಮೋಡ ಮುಚ್ಚಿದಾಗ ತೆಗೆಯಿರಿ. ಅಜ್ಜನ ಚಿತ್ರ ಜನವರಿಯದ್ದಿದೆ, ಖಾಲಿ ಜಾಗವನ್ನಷ್ಟೇ ಈಗ ತೆಗೆಯೋಣ ಎಂದು ಮಾತ್ರ ಯೋಚಿಸಬೇಡಿ. ಅಂಚಿನ ಪಾಚಿ, ಜರಿಗಿಡ ಎಲ್ಲ ಒಣಗಿರುತ್ತವೆ.

ಎರಡು ದಾರಿಗಳಲ್ಲಿ ನಾನಾದರೆ ಮೊದಲನೆಯದನ್ನೇ ಹಿಡಿಯುತ್ತೇನೆ. ಒಂದೇ ಬೆಳಿಗ್ಗೆ ಎರಡನ್ನೂ ತೆಗೆದಿಟ್ಟುಕೊಂಡು, ಕತೆ ಗೊತ್ತಿಲ್ಲದ ಇಬ್ಬರಿಗೆ ಎರಡು ಬಗೆಯಲ್ಲೂ ತೋರಿಸಿ ನಿರ್ಧರಿಸಬಹುದು.

ಲಟ್ ಹಾಕುವ ಮೊದಲು ಒಂದು ವಿಷಯ. ಸಿನಿಮಾ ಬಣ್ಣದ್ದೆಂದು ಸಿಗುವ ಬಹುತೇಕ ಲಟ್‌ಗಳು ಆಮೇಲೆ ಬಣ್ಣ ತುಂಬಲೆಂದೇ ಇರುವ ಲಾಗ್ ಎಂಬ ಮೋಡಿನಲ್ಲಿ ತೆಗೆದ ಮಸುಕು ಚಿತ್ರಕ್ಕಾಗಿ ಮಾಡಿದವು. ಮೊಬೈಲಿನ ಸಾಮಾನ್ಯ ಚಿತ್ರಕ್ಕೆ ಹಾಕಿದರೆ ಕಪ್ಪು ಜಾಗವೆಲ್ಲ ಮಸಿಯಾಗುತ್ತದೆ, ಸುರಂಗದ ದೃಶ್ಯದಲ್ಲಿ ಉಳಿಯುವುದೇ ಕಪ್ಪು. ಡ್ರೋನ್ ಬೇಡ. ಮೇಲಿನಿಂದ ಅಡಿಕೆ ತೋಟದ ತಲೆಗಳಷ್ಟೇ ಕಾಣುತ್ತವೆ, ನಿಮ್ಮ ಕತೆ ನಡೆಯುವುದು ಅವುಗಳ ಕೆಳಗೆ.

ಹಣವನ್ನು ಮೊದಲು ಗಟ್ಟಿ ಟ್ರೈಪಾಡಿಗೆ ಹಾಕಿ, ನಂತರ ಅಂಗಿಗೆ ಸಿಕ್ಕಿಸುವ ಮೈಕು, ಉಳಿದರೆ ಎನ್‌ಡಿ ಫಿಲ್ಟರು. ಚಾವಡಿಯಲ್ಲೂ ಸುರಂಗದ ಬಳಿಯೂ ಯಾರೂ ಮಾತಾಡದೆ ಒಂದೊಂದು ನಿಮಿಷ ಆ ಜಾಗದ ಶಬ್ದವನ್ನಷ್ಟೇ ಹಿಡಿದಿಟ್ಟುಕೊಳ್ಳಿ. ಹಳೆಯ ಶಾಟಿಗೂ ಹೊಸ ಶಾಟಿಗೂ ನಡುವಿನ ಬೆಸುಗೆಯನ್ನು ಮುಚ್ಚುವುದು ಅದೇ.

ಸುರಂಗದ ಬಗ್ಗೆ ಒಂದು ಎಚ್ಚರಿಕೆ. ಅಜ್ಜನ ಪಾತ್ರಧಾರಿಯನ್ನು ಬಾಯಿಂದ ಒಂದು ಮೀಟರಿಗಿಂತ ಒಳಗೆ ನಿಲ್ಲಿಸುವ ಅಗತ್ಯವಿಲ್ಲ. ಹೊರಗಿನ ಬೆಳಕು ಪಕ್ಕದಿಂದ ಬಿದ್ದರೆ ಅಷ್ಟೇ ಸಾಕು, ಹಿಂದಿನ ಕತ್ತಲು ತಾನಾಗಿ ಬರುತ್ತದೆ. ಐಎಸ್‌ಒ 800 ದಾಟಿಸಬೇಡಿ, ದಾಟಿದರೆ ಆ ಕತ್ತಲಲ್ಲಿ ಕಾಳುಕಾಳು ಕುಣಿಯುತ್ತದೆ. ದೀಪಕ್ಕೆಂದು ಜನರೇಟರನ್ನು ಬಾಯಿಯ ಹತ್ತಿರ ಇಡಬೇಡಿ, ಅದರ ಹೊಗೆ ಒಳಗೆ ನಿಂತರೆ ಪ್ರಾಣಕ್ಕೇ ಅಪಾಯ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಮುರಕಲ್ಲು ನೀರು ಕುಡಿದು ಸಡಿಲವಾಗುವುದರಿಂದ ಆಗ ಅಲ್ಲಿ ಯಾರನ್ನೂ ನಿಲ್ಲಿಸಬೇಡಿ. ಈ ತಿಂಗಳಲ್ಲೇ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮುಗಿಸಿ.